ಐದೂವರೆಯವರೆಗೆ ಹೂವು

ಎಷ್ಟು ಬೆಳ್ಳಗೆ, ಎಲೆಯೇ ಇಲ್ಲ, ಹಳ್ಳದ ಎರಡೂ ದಂಡೆಗೆ ಬರೀ ಚೆರ್ರಿ ಹೂವು, ಸೇತುವೆಯ ಮೇಲೆ ಜನ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ, ಹೇಮಾ ನನಗಿಂತ ಎರಡು ಹೆಜ್ಜೆ ಮುಂದೆ, ಏಳು ತಿಂಗಳಿಗೆ ನಡಿಗೆಯೇ ಬದಲಾಗಿದೆ, ಹಿಂದಕ್ಕೆ ವಾಲಿಕೊಂಡು ನಡೆಯುತ್ತಾಳೆ, ರೀ, ಇನ್ನೊಂದ್ ಸೇತುವೆ ತನಕ ಹೋಗೋಣ, ಹೋಗೋಣ, ಅದಕ್ಕೇನಂತೆ, ಗಡಿಯಾರದಲ್ಲಿ ನಾಲ್ಕೂವರೆ, ಮೂರೂವರೆ ಗಂಟೆ ಕಳೆದರೆ ಚಾಮರಾಜಪೇಟೆಯಲ್ಲಿ ಒಂದು, ಎರಡಕ್ಕೆ ಎತ್ತುತ್ತಾರೆ, ಅಂದರೆ ಕೊರಿಯಾದ ಈ ಜಿನ್ಹೇ ಊರಿನ ಐದೂವರೆಯವರೆಗೆ ಇವಳಿಗೆ ಅಪ್ಪನ ಮುಖ ಇದೆ, ಆಮೇಲೆ ಇಲ್ಲ, ಇದು ನನಗೆ ಗೊತ್ತು, ಇವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಚ್ಚಲಲ್ಲಿ ಹಲ್ಲುಜ್ಜುವಾಗ ಇವಳ ತಮ್ಮ ಮೂರ್ತಿಯ ಫೋನು, ಭಾವ, ಅಪ್ಪ ಹೋಗ್ಬಿಟ್ರು, ಹಾಲು ತರೋಕೆ ಅಂತ ಚಪ್ಪಲಿ ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತೋರು ಏಳ್ಲೇ ಇಲ್ಲ, ನಾನು ನಲ್ಲಿಯನ್ನು ಜೋರಾಗಿ ತಿರುಗಿಸಿದೆ, ಮಾತು ಹೊರಗೆ ಕೇಳಬಾರದಲ್ಲ, ಅತ್ತೆ ಅಂಜಿನಮ್ಮ ಮಗನ ಕೈಯಿಂದ ಫೋನು ಕಿತ್ತುಕೊಂಡರು, ಗಂಡ ಹೋಗಿ ಅರ್ಧ ಗಂಟೆಯಾಗಿಲ್ಲ, ದನಿ ಮಾತ್ರ ಗಟ್ಟಿ, ಅವಳಿಗೆ ಹೇಳ್ಬೇಡಪ್ಪ ಶಶಿ, ಎರಡು ಕಳ್ಕೊಂಡಿದಾಳೆ, ಇದಾದ್ರೂ ಉಳೀಲಿ, ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರ್ದು, ನನ್ನಾಣೆ. ಆಯ್ತಮ್ಮ ಎಂದೆ, ಬಾಯಿ ತುಂಬ ಪೇಸ್ಟು, ಹಾಗೇ ನುಂಗಿದೆ.

ಮನೆಯಲ್ಲೇ ಇದ್ದಿದ್ದರೆ ಹತ್ತು ಸಲ ಅಪ್ಪನಿಗೆ ಫೋನು ಹಚ್ಚುತ್ತಿದ್ದಳು, ಅದಕ್ಕೇ ಹೂವು ನೋಡಲು ಕರೆತಂದೆ, ನಿಮ್ಮಪ್ಪ ಮಾಗಡಿ ಕಡೆ ಮದುವೆಗೆ ಹೋಗಿದ್ದಾರಂತೆ, ಫೋನು ಮನೆಯಲ್ಲೇ ಬಿಟ್ಟಿದ್ದಾರಂತೆ ಎಂದು ಬಸ್ಸಿನಲ್ಲೇ ಸುಳ್ಳು ಹೇಳಿದೆ, ಎಷ್ಟು ಸಲೀಸಾಗಿ ಬಂತು, ಹಡಗುಕಟ್ಟೆಯಲ್ಲಿ ದಿನವಿಡೀ ಬೆಸುಗೆ ತಪಾಸಣೆ ಮಾಡುವವನು ನಾನು, ಕೂದಲೆಳೆಯ ಬಿರುಕು ಕಂಡರೂ ಇಡೀ ತಗಡು ವಾಪಸು ಕಳಿಸುತ್ತೇನೆ, ಈಗ ನನ್ನ ಮುಖವನ್ನು ಯಾರಾದರೂ ಹಾಗೆ ನೋಡಿದರೆ ಮುಗಿಯಿತು. ಇವಳ ಫೋನು ನನ್ನ ಜೇಬಿನಲ್ಲಿ, ಫೋಟೋ ನಾನೇ ತೆಗೀತೀನಿ ಕೊಡು ಎಂದು ಇಸಿದುಕೊಂಡಿದ್ದೇನೆ, ನಗು, ಇನ್ನೊಂಚೂರು ಈ ಕಡೆ, ನಗುತ್ತಾಳೆ, ನಾನೂ ನಗುತ್ತೇನೆ, ಥೂ, ಮುಂದೊಂದು ದಿನ ಕೇಳುತ್ತಾಳೆ, ಆವತ್ತು ಹೂವಿನ ಕೆಳಗೆ ನನ್ನ ನಗ್ಸಿ ಫೋಟೋ ತೆಗೆದ್ರಲ್ಲ, ನಿಮಗೆ ಗೊತ್ತಿತ್ತಾ, ಆಗ ಏನು ಹೇಳಲಿ, ನಿಮ್ಮಮ್ಮನ ಆಣೆ ಎನ್ನಲೇ, ಹೋದ ವಾರ ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿದ್ದರು ಎನ್ನಲೇ, ಹೇಳಿದರೆ ಮಗು, ಹೇಳದಿದ್ದರೆ ಅಪ್ಪ, ನಾನು ಯಾವನು ಇದನ್ನು ತೀರ್ಮಾನ ಮಾಡಲು, ಆ ಮರ ದಾಟಿದ ಮೇಲೆ ಹೇಳುತ್ತೇನೆ, ದಾಟಿತು, ಮುಂದಿನ ಮರ, ಅದೂ ದಾಟಿತು. ಅಲ್ಲೇ ಇದ್ದಿದ್ದರೂ ನನಗೆ ಹೆಗಲು ಕೊಡಲು ಬಿಡುತ್ತಿರಲಿಲ್ಲ, ಬಸುರಿಯ ಗಂಡ ಹೆಣ ಹೊರಬಾರದು, ಗೇಟಿನ ಹತ್ತಿರ ಕೈಕಟ್ಟಿ ನಿಲ್ಲಬೇಕಿತ್ತು, ಇಲ್ಲೂ ಅದನ್ನೇ ಮಾಡುತ್ತಿದ್ದೇನೆ. ಮಾವ ಶ್ರೀನಿವಾಸಯ್ಯ, ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಪುಸ್ತಕ ಹೊಲಿದವರು, ಭಾನುವಾರ ಕೇಳಿದ್ದರು, ಅಷ್ಟೊಂದ್ ಹೂವ್ ಬಿಡುತ್ತಲ್ಲ ಅಳಿಯಂದ್ರೇ, ಕಾಯಿ ಕಚ್ಚುತ್ತಾ, ಇಲ್ಲ ಮಾವ, ಈ ಮರ ಬರೀ ನೋಡೋಕೆ, ಕಾಯಿ ಬಿಡ್ದಿರೋ ಮರಕ್ಕೆ ಅಷ್ಟು ಜನಾನಾ ಎಂದು ನಕ್ಕು, ಆದ್ರೂ ವಿಡಿಯೋದಲ್ಲಿ ತೋರ್ಸವ್ವ ಹೇಮಾ, ಫೋಟೋ ಬೇಡ, ಗಾಳಿಗೆ ಅಲ್ಲಾಡೋದು ನೋಡ್ಬೇಕು.

ಐದು ಇಪ್ಪತ್ತು. ಒಬ್ಬ ಅಜ್ಜಿ ಬಂದು ಇವಳ ಹೊಟ್ಟೆ ತೋರಿಸಿ ಕೊರಿಯನ್ನಿನಲ್ಲಿ ಏನೋ ಹರಸಿದಳು, ಇಬ್ಬರೂ ನಿಲ್ಲಿ, ನಾನು ತೆಗೆಯುತ್ತೇನೆ ಎಂದು ಸನ್ನೆ ಮಾಡಿದಳು, ಜೇಬಿನಿಂದ ಹೇಮಾಳ ಫೋನು ತೆಗೆದು ಕೊಟ್ಟೆ, ಯಾಕೆ ನನ್ನದನ್ನು ಕೊಡಲಿಲ್ಲ, ಕೈ ತಪ್ಪಿತೋ, ತಪ್ಪಲಿ ಎಂದೇ ಬಿಟ್ಟೆನೋ, ಅಜ್ಜಿ ಎರಡು ಫೋಟೋ ತೆಗೆದು ಫೋನನ್ನು ನೇರ ಇವಳ ಕೈಗೇ ಇಟ್ಟಳು, ರೀ, ಅಪ್ಪನ ಫೋನ್ ಮನೇಲೇ ಇದ್ಯಲ್ಲ, ಅಮ್ಮಂಗಾದ್ರೂ ತೋರಿಸ್ತೀನಿ, ಬೇಡ ಹೇಮಾ ಎನ್ನುವಷ್ಟರಲ್ಲಿ ಅಪ್ಪನ ನಂಬರಿಗೇ ವಿಡಿಯೋ ಕಾಲ್ ಒತ್ತಿಯಾಗಿತ್ತು. ಮಾವನ ಫೋನು ಸ್ವಿಚಾಫ್ ಮಾಡಿಸು ಎಂದು ಬೆಳಿಗ್ಗೆಯೇ ಮೂರ್ತಿಗೆ ಹೇಳಿದ್ದೆ, ಭಾವ, ನೆಂಟರ ನಂಬರೆಲ್ಲ ಅದ್ರಲ್ಲೇ ಇದೆ ಎಂದಿದ್ದ, ಯಾರೂ ಎತ್ತದಿರಲಿ, ಎತ್ತದಿರಲಿ, ಎತ್ತಿದರು, ಅಂಜನಪ್ಪ, ಮಾವನ ಜೊತೆ ಪ್ರೆಸ್ಸಿನಲ್ಲಿದ್ದವರು, ಬೀದಿಯಲ್ಲಿ ಯಾರೇ ಹೋದರೂ ಮುಂದೆ ನಿಂತು ಎಲ್ಲ ನೋಡಿಕೊಳ್ಳುವವರು, ಅವರಿಗೆ ನಮ್ಮ ಗುಟ್ಟು ಯಾರೂ ಹೇಳಿಲ್ಲ, ಪರದೆ ತುಂಬ ಚೆಂಡುಹೂವು, ಸುಗಂಧರಾಜ, ನೋಡ್ರೀ, ನಮ್ಮನೇಲೂ ಹೂವು ಎಂದು ಇವಳು ಒಂದು ಕ್ಷಣ ನಕ್ಕೇಬಿಟ್ಟಳು, ಬಂದ್ಯೇನವ್ವ ಹೇಮಾ, ನಿನಗೋಸ್ಕರಾನೇ ತಡೆದು ನಿಲ್ಸಿದೀನಿ, ಮಗಳು ಮುಖ ನೋಡ್ದೆ ಎತ್ತಬಾರ್ದು, ನೋಡ್ಕೊ ತಾಯಿ, ಫೋನು ಮೆಲ್ಲನೆ ಕೆಳಗೆ ಬಾಗಿತು, ಹಾರಗಳು ಸರಿದವು, ಮುಖ. ಇವಳು ನನ್ನ ಕಡೆ ತಿರುಗಿ ನೋಡಿದಳು, ಒಂದೇ ಸಲ, ಅಷ್ಟರಲ್ಲೇ ನನ್ನ ಇಡೀ ದಿನ ಅವಳಿಗೆ ಗೊತ್ತಾಯಿತು, ಮತ್ತೆ ಫೋನಿಗೆ ಬಾಗಿದಳು, ಗಾಳಿ ಬೀಸಿತು, ಗಾಜಿನ ಮೇಲೆ ಒಂದು ಎಸಳು, ಸರಿಯಾಗಿ ಮಾವನ ಕಣ್ಣಿನ ಮೇಲೆ, ಬೆರಳಿನಿಂದ ಒರೆಸಿದಳು, ಹೇಮಾ, ಕೂತ್ಕೋ, ಫೋನ್ ಕೊಡು, ಕೊಡಲಿಲ್ಲ, ನೋಡಿದ್ಯೇನವ್ವ, ಹೊತ್ತಾಗ್ತಾ ಇದೆ, ಎತ್ತೋಣ್ವಾ, ಅಂಜನಪ್ಪ ಅಪ್ಪಣೆ ಕೇಳುತ್ತಿದ್ದಾರೆ, ಮೇಲಿನಿಂದ ಎಸಳು ಬೀಳುತ್ತಲೇ ಇದೆ, ತುಟಿಯ ಮೇಲೊಂದು, ಒರೆಸಿದಳು, ಎತ್ತೋಣ್ವಾ ತಾಯಿ, ಕಣ್ಣಿನ ಮೇಲೊಂದು, ಒರೆಸಿದಳು, ಇನ್ನೊಂದು, ಒರೆಸಿದಳು, ಕಣ್ಣಿನ ಮೇಲೆ ಇನ್ನೊಂದು