ಗಿರಿಜಮ್ಮ ಹೊಲಿದ ನಾಲ್ಕು ಸಾಲು

ವಡೋದರಾದ ಅಲಕಾಪುರಿ ಬಡಾವಣೆಯ ಕಲಾಪ್ರದರ್ಶನದ ಹಾಲ್‌ನಲ್ಲಿ ನಲವತ್ತೊಂದು ಬಟ್ಟೆಗಳು ತೂಗುಬಿದ್ದಿದ್ದವು. ಎಲ್ಲವೂ ಸೂರತ್‌ನ ಪಾಂಡೇಸರಾದ ಗಿರಣಿಗಳಿಂದ ತಂದ, ಇನ್ನೂ ಬಣ್ಣ ಕಾಣದ ಬಟ್ಟೆ. ಗಡಿಯಲ್ಲಿ ಸತ್ತ ಒಬ್ಬೊಬ್ಬ ಸೈನಿಕನಿಗೆ ಒಂದೊಂದು. ಮನೆಯವರು ತಮ್ಮದೇ ಭಾಷೆಯಲ್ಲಿ, ಮನಸ್ಸಿಗೆ ಬಂದದ್ದನ್ನು ಅದರ ಮೇಲೆ ಹೊಲಿದುಕೊಡಬೇಕು ಎಂದು ಕಲಾವಿದೆ ಮನಸ್ವಿನಿ ಕೇಳಿಕೊಂಡಿದ್ದಳು.

ಗಿರಿಜಮ್ಮ ಒಪ್ಪಿದ್ದೇ ಆ ಕೇಳಿಕೆಗೆ. ಮಗ ಬಸವರಾಜ ಹೋದಾಗ ಧಾರವಾಡದ ಮನೆಗೆ ದಂಡುಗಟ್ಟಿ ಬಂದವರು ಹಾರ ಹಾಕಿದರು, ಭಾಷಣ ಬಿಗಿದರು, ಚಹಾ ಕುಡಿದು ಎದ್ದುಹೋದರು. ತಾಯಿಗೆ ಹೇಳುವುದೇನಾದರೂ ಇದೆಯೇ ಎಂದು ಒಬ್ಬ ಪುಣ್ಯಾತ್ಮನಾದರೂ ಕೇಳಬೇಕಲ್ಲ! ಈಗ ವಡೋದರಾದಲ್ಲಿ ಮಗಳು-ಅಳಿಯನ ಮನೆಯಲ್ಲಿದ್ದಾಗ ಯಾರೋ ಕೇಳಿದರು. ಕನ್ನಡಕ ಏರಿಸಿಕೊಂಡು, ಬೆರಳು ಚುಚ್ಚಿಸಿಕೊಂಡು, ಇಪ್ಪತ್ತು ದಿನ ಕೆಂಪು ದಾರದಲ್ಲಿ ಹೊಲಿದಳು:

ನನ್ನ ಮಗ ಬಸವರಾಜ.
ಇಪ್ಪತ್ತಾರು ವರ್ಷ.
ಇನ್ನ ಸಾಕು, ಯಾರ ಮಗನೂ ಸಾಯೂದು ಬ್ಯಾಡ.
ಗಡಿ ಆ ಕಡೆ ಸತ್ತ ಹುಡುಗನ ತಾಯಿ, ನಿನ್ನ ಸಂಕಟ ನನಗ ಗೊತ್ತೈತಿ.

ಪ್ರದರ್ಶನದ ಮೊದಲ ದಿನ ಮೊಮ್ಮಗಳು ನಿಶ್ಚಿತಾ ಅಜ್ಜಿಯ ಬಟ್ಟೆಯ ಕೆಳಗಿದ್ದ ಗುಜರಾತಿ ಅನುವಾದದ ಫಲಕ ಓದಿ ಕುಣಿದಳು. ಇಲ್ಲೇ ಬೆಳೆದ ಹುಡುಗಿ, ಕನ್ನಡ ಓದಲು ಬಾರದು.

"ಅಜ್ಜಿ, ಮಸ್ತ್ ಬರದೀ! 'ಇನ್ನೊಬ್ಬ ಮಗ ಇದ್ದಿದ್ರ ಅವನ್ನೂ ಬಾರ್ಡರ್‌ಗೆ ಕಳಸ್ತಿದ್ದೆ' ಅಂತ."

"ಯಾರು ಹಂಗ ಅಂದಾರ?"

"ನೀನ! ಇಲ್ಲಿ ಬರದಾರಲ್ಲ."

ಗಿರಿಜಮ್ಮನ ಮೈಯೆಲ್ಲ ಉರಿದುಹೋಯಿತು. ಸತ್ತವನ ಬಾಯಂತೂ ಮುಚ್ಚಿತ್ತು, ಬದುಕಿದವಳ ಬಾಯಿಗೂ ಬೇರೆಯವರ ಮಾತು ತುರುಕುವುದೇ? ಮೊಮ್ಮಗಳನ್ನು ಎಳೆದುಕೊಂಡು ನೇರ ಮನಸ್ವಿನಿಯ ಮುಂದೆ ಹೋಗಿ ನಿಂತಳು. ನಿಶ್ಚಿತಾಳ ಬಾಯಿಂದ ವಿಷಯ ಕೇಳಿದ ಮನಸ್ವಿನಿಯ ಮುಖ ಬಿಳಿಚಿತು. ಅವಳು ಹಿಂದಿಯಲ್ಲಿ ಹೇಳಿದ್ದನ್ನು ಹುಡುಗಿ ತಡವರಿಸುತ್ತ ಕನ್ನಡಕ್ಕೆ ತಂದಳು: "ಆಕಿಗೆ ಕನ್ನಡ ಬರಲ್ಲಂತ, ಅಜ್ಜಿ. ಅರ್ಥ ನಮ್ಮ ಮನಿಯಿಂದನ ಬಂತಂತ. ಪಪ್ಪಾ ಕಳಿಸಿದ್ರಂತ."

ಬ್ಯಾಂಕಿನ ವರ್ಗಾವಣೆಯಲ್ಲಿ ಈ ಊರು ಸೇರಿದ್ದ ಅಳಿಯ ಸಂತೋಷ, ಆಚೆ ಯಾರದೋ ಬಟ್ಟೆಯನ್ನು ಭಾರೀ ಆಸ್ಥೆಯಿಂದ ನೋಡುತ್ತಿದ್ದ. ಹದಿನೈದು ವರ್ಷದಲ್ಲಿ ಗಿರಿಜಮ್ಮ ಅವನೆದುರು ಒಮ್ಮೆಯೂ ದನಿ ಎತ್ತಿದವಳಲ್ಲ.

"ಅಳಿಯಂದ್ರ, ಏನಿದು?"

"ಅತ್ತಿ, ಮೆಲ್ಲಕ ಮಾತಾಡ್ರಿ. ಬ್ಯಾಂಕಿನವರು ಬರತಾರ, ನಮ್ಮ ಹೌಸಿಂಗ್ ಸೊಸೈಟಿಯವರು ಬರತಾರ. ಆ ಕೊನೀ ಸಾಲು ಓದಿದ್ರ ನಮ್ಮನ್ನ ಏನಂತ ತಿಳ್ಕೋತಾರ? ಬಸವರಾಜನ ಹೆಸರಿಗೆ ಮರ್ಯಾದಿ ಇರಲಿ ಅಂತ ಮಾಡೇನಿ."

"ಅವನ ಮರ್ಯಾದಿಗೆ ನಿಮ್ಮ ಸುಳ್ಳು ಬೇಕೇನ್ರಿ? ಇನ್ನೊಬ್ಬ ಮಗ ಇದ್ದಿದ್ರ ನಾ ಬಾಗಲಕ್ಕ ಅಡ್ಡ ಮಲಗಿ ತಡೀತಿದ್ದೆ. ಹೆತ್ತಾಕಿ ನಾನು. ಕಳಿಸ್ತೀನಿ ಅನ್ನಾಕ ನೀವ್ಯಾರು?"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಭಾಷೆ ತಿಳಿಯದವರಿಗೂ ಸಿಟ್ಟು ತಿಳಿಯಿತು. ಗಿರಿಜಮ್ಮ ಫಲಕವನ್ನು ಕಿತ್ತು, ಅದರ ಖಾಲಿ ಬೆನ್ನು ಮೇಲೆ ಮಾಡಿ, ಮನಸ್ವಿನಿ ಕೊಟ್ಟ ಪೆನ್ನಿನ ಜೊತೆ ಅಳಿಯನ ಕೈಗೆ ಕೊಟ್ಟಳು.

"ಬರೀರಿ."

"ಕೊಡು ಅಜ್ಜಿ, ನಾ ಬರೀತೀನಿ," ಎಂದಳು ನಿಶ್ಚಿತಾ.

"ಬ್ಯಾಡವಾ. ಅಳಿಸಿದವರ ಬರೀಲಿ."

ಸಂತೋಷ ಮೇಜಿನ ಮೇಲೆ ಬಗ್ಗಿ ಗುಜರಾತಿಯಲ್ಲಿ ಬರೆಯತೊಡಗಿದ. ಹೆಸರು ಬರೆದ, ವಯಸ್ಸು ಬರೆದ, ಮೂರನೆಯ ಸಾಲನ್ನೂ ಮುಗಿಸಿದ. ಅಷ್ಟರಲ್ಲಿ ಅವರ ಸೊಸೈಟಿಯ ಸೆಕ್ರೆಟರಿ ಹೆಂಡತಿಯೊಂದಿಗೆ ಬಂದು, ನಗುತ್ತ ಕೈಮುಗಿದು ಹಿಂದೆಯೇ ನಿಂತರು. ಪೆನ್ನು ನಿಂತಿತು.

"ಇನ್ನೊಂದು ಸಾಲೈತಿ," ಎಂದಳು ಗಿರಿಜಮ್ಮ.

ಅವನ ಕಿವಿ ಕೆಂಪಾಯಿತು. ಆದರೂ ಬರೆದ. ನಿಶ್ಚಿತಾ ಒಂದೊಂದೇ ಪದ ಜೋರಾಗಿ ಓದಿ, ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಸೆಕ್ರೆಟರಿಯ ನಗು ಆರಿತು. ಪಕ್ಕದಲ್ಲಿದ್ದ ಅವರ ಹೆಂಡತಿ ಮಾತ್ರ ಮುಂದೆ ಬಂದು, ಆ ಕೊನೆಯ ಸಾಲಿನ ಕೆಂಪು ಹೊಲಿಗೆಯ ಮೇಲೆ ಕೈಯಿಟ್ಟಳು.

ಗಿರಿಜಮ್ಮ ಫಲಕವನ್ನು ತಾನೇ ಅಂಟಿಸಿದಳು. ಆಮೇಲೆ ಒಂದು ಕುರ್ಚಿ ತರಿಸಿಕೊಂಡು, ಬಾಗಿಲು ಮುಚ್ಚುವವರೆಗೂ ಅದರ ಪಕ್ಕದಲ್ಲೇ ಕಾವಲು ಕುಳಿತಳು.