ಕಿಡಿ ಬಾರದ ಬೋಟು

ಹುಚ್ಚಣ್ಣ ಕೆಮ್ಮಿದರೆ ಸಾಕು, ಕೆಟ್ಟ ಮೋಟರು ಎದ್ದು ಕೂರುತ್ತದೆ ಎಂದು ಹುಲಿಯಾರಿನ ಕಡೆ ಜನ ತಮಾಷೆ ಮಾಡುತ್ತಿದ್ದರು. ಮೂವತ್ತು ವರ್ಷ ತೆಂಗಿನ ತೋಟಗಳ ಪಂಪು ರಿಪೇರಿ ಮಾಡಿದ ಕೈ ಅದು. ಇವತ್ತು ಊರ ಕೆರೆಯ ದಡದಲ್ಲಿ ಆ ಕೈ ಒಂದು ಬೋಟನ್ನು ಎಬ್ಬಿಸಬೇಕಿತ್ತು. ಬೆಳಗ್ಗೆ ಮೇಲಿನ ಕೆರೆಯ ಏರಿ ಒಡೆದು ಅಷ್ಟೂ ನೀರು ಈ ಕೆರೆಗೆ ನುಗ್ಗಿತ್ತು. ಆಳವಿಲ್ಲದ ನೀರಲ್ಲಿ ನಡೆದುಹೋಗಿ ಕೆರೆಯ ನಡುವಿನ ದಿಬ್ಬದಲ್ಲಿ ಕುರಿ ಮೇಯಿಸುತ್ತಿದ್ದ ಅವನ ಅಕ್ಕ ಬೋರಕ್ಕ ಅಲ್ಲೇ ಸಿಕ್ಕಿಬಿದ್ದಿದ್ದಳು. ಕುರಿಗಳು ಹೇಗೋ ಈಜಿ ದಡ ಸೇರಿದ್ದವು. ಅವಳಿಗೆ ಈಜು ಬಾರದು. ಹತ್ತು ಗಂಟೆಗೆ ಕಣದಷ್ಟು ಅಗಲವಿದ್ದ ದಿಬ್ಬ ಈಗ ಚಾಪೆಯಷ್ಟಾಗಿತ್ತು. ಅದರ ಮೇಲೆ ಅವಳು ಒಂದು ಮರಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ತುಮಕೂರಿನಿಂದ ಹೊರಟ ಅಗ್ನಿಶಾಮಕದವರು ಇನ್ನೂ ದಾರಿಯಲ್ಲಿದ್ದರು.

ದಡದಲ್ಲಿದ್ದದ್ದು ಒಂದೇ ಬೋಟು. ಕೆರೆಗೆ ಹೇಮಾವತಿ ನೀರು ಬಂದ ಮೇಲೆ, ನೋಡಲು ಬರುವ ಜನರನ್ನು ಸುತ್ತಾಡಿಸಲೆಂದು ಮಹಿಳಾ ಸಂಘದವರು ಕರಾವಳಿಯಿಂದ ತರಿಸಿದ್ದ ಹಳೆಯ ಜೆಟ್ ಬೋಟು. ಬೇರೆ ಬೋಟುಗಳಂತೆ ಇದಕ್ಕೆ ಹಿಂದೆ ನೀರು ತಳ್ಳುವ ಫ್ಯಾನು ಇಲ್ಲ. ಹೊಟ್ಟೆಯೊಳಗಿನ ಪಂಪು ನೀರು ಹೀರಿ ಹಿಂದಕ್ಕೆ ಚಿಮ್ಮಿದರೆ ಬೋಟು ಮುಂದಕ್ಕೆ ನುಗ್ಗುತ್ತದೆ. ಪಂಪು ಅಂದ ಮೇಲೆ ಹುಚ್ಚಣ್ಣನೇ ಅದಕ್ಕೂ ಡಾಕ್ಟರು. ಓಡಿಸುವವಳು ಸಂಘದ ಕೋಮಲಾ.

ಅವಳು ಗುಂಡಿ ಒತ್ತಿದಳು. ಎಂಜಿನ್ ಗರಗರ ತಿರುಗಿತು, ಸ್ಟಾರ್ಟ್ ಆಗಲಿಲ್ಲ.

ತಿರುಗುತ್ತಿದೆ ಅಂದರೆ ಬ್ಯಾಟರಿ ಸರಿಯಾಗಿದೆ. ಹುಚ್ಚಣ್ಣ ಪೈಪು ಕಿತ್ತು ನೋಡಿದ, ಪೆಟ್ರೋಲ್ ಬರುತ್ತಿತ್ತು. ಪ್ಲಗ್ ಬಿಚ್ಚಿ ಪಂಚೆಗೆ ಒರೆಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, ಒತ್ತು ಅಂದ. ಕಿಡಿ ಇಲ್ಲ. ಇನ್ನೊಂದು ಪ್ಲಗ್ಗಿನಲ್ಲೂ ಇಲ್ಲ. ಆಗ ಶುರುವಾಯಿತು ನೋಡಿ ಅವನ ಬೈಗುಳ. ಮೊದಲು ಬೋಟು ಮಾರಿದವರಿಗೆ, ಆಮೇಲೆ ಹತ್ತು ದಿನದಿಂದ ಬೋಟು ಓಡಿಸದೆ ನಿಲ್ಲಿಸಿದ್ದ ಕೋಮಲಾಳಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ಇವನ ಕಥೆ. ಮಳೆ ಹಿಡಿದಿತ್ತು, ಯಾರನ್ನು ಸುತ್ತಾಡಿಸಲಿ ಎಂದು ಅವಳು ಕೇಳಬಹುದಿತ್ತು. ಆದರೆ ಅವಳು ದಿಬ್ಬದ ಕಡೆಗೇ ನೋಡುತ್ತಿದ್ದಳು. ಬೋರಕ್ಕನ ಪಾದ ಆಗಲೇ ಮುಳುಗಿತ್ತು.

ಕಿಡಿ ಎಲ್ಲೋ ದಾರಿಯಲ್ಲೇ ಸೋರಿಹೋಗುತ್ತಿದೆ. ಹುಚ್ಚಣ್ಣ ತಂತಿಯನ್ನು ಬೆರಳಲ್ಲಿ ಸವರುತ್ತ ಹೋದ. ಅದು ಸ್ಟೇರಿಂಗಿನ ಪಕ್ಕದ ಕೆಂಪು ಸ್ವಿಚ್ಚಿಗೆ ಬಂದು ನಿಂತಿತು. ಓಡಿಸುವವರ ಮಣಿಕಟ್ಟಿನ ದಾರವನ್ನು ಆ ಸ್ವಿಚ್ಚಿಗೆ ಸಿಕ್ಕಿಸಿರುತ್ತಾರೆ. ಅವರು ನೀರಿಗೆ ಬಿದ್ದರೆ ದಾರ ಕಿತ್ತುಬಂದು ಎಂಜಿನ್ ತಾನೇ ನಿಲ್ಲುತ್ತದೆ. ಮುಚ್ಚಳ ತೆಗೆದ. ಒಳಗೆ ಹಸಿರು ಕಿಲುಬು, ಕಿಲುಬಿನ ಮೇಲೆ ಕುಂಕುಮ, ಹುಳಿಹಿಡಿದ ತೆಂಗಿನಕಾಯಿ ನೀರಿನ ವಾಸನೆ.

ಹುಚ್ಚಣ್ಣನಿಗೆ ತಟ್ಟನೆ ಹೊಳೆಯಿತು. ಆಯುಧಪೂಜೆಯ ದಿನ ಬೋಟಿಗೆ ಕಾಯಿ ಒಡೆದವನು ಅವನೇ. ಪಂಪಿಗೆ ಒಡೆದಂತೆಯೇ ಒಡೆದು, ನೀರನ್ನೆಲ್ಲ ಸ್ಟೇರಿಂಗಿನ ಮೇಲೆ ಸುರಿದಿದ್ದ. ಸ್ವಿಚ್ ಮೇಲೆ ಬೇಡ ಎಂದು ಕೋಮಲಾ ಅಂದೇ ಅಂದಿದ್ದಳು. ಮೂವತ್ತು ವರ್ಷದಿಂದ ಮೋಟರಿಗೆ ಕಾಯಿ ಒಡೆಯುವವನಿಗೇ ಹೇಳಿಕೊಡುತ್ತೀಯಾ ಎಂದು ಹತ್ತು ಜನರ ಮುಂದೆ ಅವಳ ಬಾಯಿ ಮುಚ್ಚಿಸಿದ್ದ.

ಕಿಡಿ ಸೋರುತ್ತಿದ್ದುದು ಇಲ್ಲೇ ಎಂದು ಸ್ವಿಚ್ಚಿನ ತಂತಿಯನ್ನೇ ಕಿತ್ತುಹಾಕಿದ. ಕೋಮಲಾ ಮತ್ತೆ ಒತ್ತಿದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಹಾರಿತು. ಏನಾಗಿತ್ತು ಎಂದು ಅವಳು ಕೇಳಿದಳು. ತಂತಿ ಕೆಟ್ಟಿತ್ತು ಎಂದಷ್ಟೇ ಹೇಳಿ ಮುಖ ತಿರುಗಿಸಿದ. ನಾಚಿಕೆಗೇಡು, ಅಕ್ಕ ಮುಳುಗುತ್ತಿರುವಾಗಲೂ ಮನುಷ್ಯನಿಗೆ ಮರ್ಯಾದೆಯದೇ ಚಿಂತೆ.

ಪ್ಲಗ್ಗುಗಳನ್ನು ಬಿಗಿದದ್ದೇ ಎಂಜಿನ್ ಗುಡುಗಿತು, ಇಬ್ಬರನ್ನೂ ಹೊತ್ತು ಬೋಟು ನೆಗೆದು ಹೊರಟಿತು. ಈಗ ಇನ್ನೊಂದು ಭಯ. ಎಂಜಿನ್ ಓಡುತ್ತಿರುವಷ್ಟು ಹೊತ್ತು ಈ ಬೋಟು ನಿಲ್ಲುವುದಿಲ್ಲ, ನಿಲ್ಲಿಸುವ ಸ್ವಿಚ್ಚನ್ನೋ ಅವನೇ ಕಿತ್ತಿದ್ದಾನೆ. ದಿಬ್ಬದ ಬಳಿ ಗಾಳಿ ತಡೆಯುವ ಚೋಕ್ ಪೂರ್ತಿ ಎಳೆದು ಎಂಜಿನ್ನಿನ ಉಸಿರು ಕಟ್ಟಿಸಿದ. ಬೋರಕ್ಕನಿಗೆ ನೀರು ಮೊಣಕಾಲು ದಾಟಿತ್ತು. ಮರಿಯ ಸಮೇತ ಅವಳನ್ನು ಒಳಗೆ ಎಳೆದುಕೊಂಡ.

ಕೋಮಲಾ ಗುಂಡಿ ಒತ್ತಿದಳು. ಗರಗರ, ಅಷ್ಟೇ. ಪೆಟ್ರೋಲ್ ಹೆಚ್ಚಾಗಿ ಪ್ಲಗ್ ನೆನೆದಿತ್ತು. ಸೆಳೆತ ಬೋಟನ್ನು ಕೋಡಿಯ ಕಡೆಗೆ ತಿರುಗಿಸಿತು, ಅಲ್ಲಿ ನೀರು ಭೋರ್ಗರೆದು ಧುಮುಕುತ್ತಿತ್ತು. ಚೋಕ್ ಒಳಗೆ ತಳ್ಳಿ, ಆಕ್ಸಿಲೇಟರ್ ಪೂರ್ತಿ ಕೊಟ್ಟು, ಬಿಡದೆ ಒತ್ತು ಎಂದು ಹುಚ್ಚಣ್ಣ ಹೇಳಿದ. ಬೋರಕ್ಕ ಕಣ್ಣು ಮುಚ್ಚಿ ಕೈ ಮುಗಿದಳು.

"ಅಮ್ಮಾ ತಾಯಿ, ದಡ ಸೇರ್ಸು. ಈ ಬೋಟ್ಗೆ ನೂರೊಂದು ಕಾಯಿ ಒಡೀತೀನಿ."

"ಬ್ಯಾಡ ಕಣಕ್ಕ," ಎಂದ ಹುಚ್ಚಣ್ಣ. ಅವನಿಗೆ ಅಳು ಬಂದುಬಿಟ್ಟಿತು. "ಕಾಯಿ ಒಡೆದೇ ಇದು ಕೆಟ್ಟಿದ್ದು. ಒಡೆದೋನು ನಾನು. ಈ ಕೋಮಲಾ ಬ್ಯಾಡ ಅಂದ್ಲು, ನಾನೇ ಕೇಳ್ನಿಲ್ಲ."

ಎಂಜಿನ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ ಹಿಡಿದುಕೊಂಡಿತು. ಕೋಮಲಾ ಸ್ಟೇರಿಂಗನ್ನು ದಡದ ಕಡೆಗೆ ತಿರುಗಿಸಿದಳು, ಹಿಂದಿರುಗಿ ನೋಡಲಿಲ್ಲ.

"ಗೊತ್ತು ಕಣಣ್ಣ. ಮುಚ್ಚಳ ತೆಗ್ದಾಗ್ಲೇ ವಾಸ್ನೆ ಬಂತು. ಅಕ್ಕನ್ನ ಗಟ್ಟಿಯಾಗಿ ಹಿಡ್ಕೊ."