ಒಂದು ಸಲಕ್ಕೆ ಒಂದೇ ಸ್ಕ್ರೂ

ಆ ಏಳಂತಸ್ತಿನ ಕಟ್ಟಡದವರೆಲ್ಲ ಅವನನ್ನು ಲಿಫ್ಟಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಬೇರೆ ಹೆಸರು ಹುಡುಕಲು ಯಾರಿಗೆ ತಾನೇ ಪುರುಸೊತ್ತು? ಅವನಿಗೊಂದು ನಿಯಮವಿತ್ತು: ಒಂದು ಸಲಕ್ಕೆ ಒಂದೇ ಸ್ಕ್ರೂ. ಲಿಫ್ಟ್ ಕೆಟ್ಟು ನಿಂತರೆ ಒಂದೇ ಕಡೆ ಕೈ ಹಾಕಬೇಕು, ಓಡಿಸಿ ನೋಡಬೇಕು, ಆಮೇಲೆ ಇನ್ನೊಂದು. ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೂ ತಿಳಿಯದು. ನಿಯಮ ಒಳ್ಳೆಯದೇ. ಅದನ್ನು ಅವನು ಲಿಫ್ಟಿನಲ್ಲೇ ಬಿಟ್ಟು ಮನೆಗೆ ಬಂದಿದ್ದರೆ ಈ ಕತೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ.

ಕಂಪನಿಯ ವರ್ಷದ ತಪಾಸಣೆಯಲ್ಲಿ ಅವನ ಬಿ.ಪಿ. ನೂರಾ ಅರವತ್ತೆಂಟು ತೋರಿಸಿತು. ಎರಡು ತಿಂಗಳಲ್ಲಿ ಇಳಿಸಿಕೊಂಡು ಬಾ, ಇಲ್ಲವಾದರೆ ಮೇಲೆ ಹತ್ತುವ ಕೆಲಸ ಬಂದ್, ಆಫೀಸಿನಲ್ಲಿ ಕೂತು ದೂರಿನ ಫೋನ್ ಎತ್ತು ಎಂದರು. ಕುರ್ಚಿಗೆ ಅಂಟಿಕೊಂಡು ದಿನವಿಡೀ ‘ದಯವಿಟ್ಟು ಲೈನಿನಲ್ಲಿರಿ’ ಎನ್ನುವುದೂ ಒಂದು ಬಾಳೇ?

ಅದೇ ಕಟ್ಟಡದ ಏಳನೇ ಮಹಡಿಯಲ್ಲಿದ್ದ ಡಾಕ್ಟರಮ್ಮ ಎರಡು ಮಾತ್ರೆ ಬರೆದುಕೊಟ್ಟರು. ಒಂದು ಬಿಳಿ, ಒಂದು ಗುಲಾಬಿ. ಎರಡೂ ಕಡಿಮೆ ಪ್ರಮಾಣದವು. ದಿನಾ ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗಬೇಕು ಎಂದರು. ತಿಂಗಳು ಬಿಟ್ಟು ನೋಡಿದರೆ ನೂರಾ ಅರವತ್ತನಾಲ್ಕು.

“ಇಷ್ಟೇನಾ ಇಳಿದಿದ್ದು?” ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. “ಮೂರನೇದನ್ನೂ ಸೇರಿಸ್ಬೇಕೇನೋ.”

ಅಷ್ಟರಲ್ಲಿ ಅವನ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ಏಳೂ ಮಹಡಿ ಮೆಟ್ಟಿಲು ಹತ್ತಿ ಬಂದಿದ್ದಳು. ಲಿಫ್ಟಿನವನನ್ನು ಕಟ್ಟಿಕೊಂಡೂ ಆಕೆ ಜನ್ಮದಲ್ಲಿ ಒಮ್ಮೆಯೂ ಲಿಫ್ಟ್ ಹತ್ತಿದವಳಲ್ಲ. ಹಗ್ಗ ಕಡಿದುಹೋದರೆ ಎಂಬ ಭಯ. ಉಸಿರು ಸುಧಾರಿಸಿಕೊಂಡವಳೇ ಚೀಲ ಬೋರಲು ಹಾಕಿದಳು. ಮೇಜಿನ ಮೇಲೆ ಮಾತ್ರೆಯ ಪಟ್ಟಿಗಳು ಬಿದ್ದವು. ಬಿಳಿಯದು ಅರ್ಧ ಹಾಗೇ ಇತ್ತು. ಗುಲಾಬಿಯದೂ ಅರ್ಧ ಹಾಗೇ ಇತ್ತು.

“ಇವತ್ತು ಬೆಳಿಗ್ಗೆ ಕಣ್ಣಿಗೆ ಬಿತ್ತು. ಕೇಳಿ ಡಾಕ್ಟ್ರೇ, ಇವರನ್ನೇ ಕೇಳಿ.”

ಲಿಫ್ಟಪ್ಪ ಇಂಗು ತಿಂದ ಮಂಗನಂತಾದ. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅದು. “ಒಂದಿನ ಬಿಳೀದು, ಒಂದಿನ ಗುಲಾಬಿದು. ಯಾವುದು ಕೆಲಸ ಮಾಡ್ತಿದೆ ಅಂತ ಗೊತ್ತಾಗ್ಬೇಡ್ವಾ? ಗೊತ್ತಾದ್ರೆ ಇನ್ನೊಂದನ್ನ ಬಿಟ್ಬಿಡ್ಬಹುದಲ್ಲ.”

“ಗೊತ್ತಾಯ್ತಾ?” ಎಂದರು ಡಾಕ್ಟರಮ್ಮ.

“ಇನ್ನೂ ಪರೀಕ್ಷೆ ನಡೀತಿದೆ.”

ಡಾಕ್ಟರಮ್ಮ ನಕ್ಕರೋ ನಿಟ್ಟುಸಿರಿಟ್ಟರೋ ಹೇಳುವುದು ಕಷ್ಟ. “ಒಂದು ರಕ್ತನಾಳ ಸಡಿಲ ಮಾಡತ್ತೆ. ಇನ್ನೊಂದು ಹೆಚ್ಚಾದ ಉಪ್ಪು, ನೀರು ಹೊರಗೆ ಹಾಕತ್ತೆ. ಒಂದು ದಾರಿ ಮಾತ್ರ ಮುಚ್ಚಿದ್ರೆ ನಿಮ್ಮ ಬಿ.ಪಿ. ಇನ್ನೊಂದು ದಾರೀಲಿ ನುಸುಳತ್ತೆ. ಅದಕ್ಕೇ ಜೋಡಿ ಕೊಟ್ಟಿದ್ದು.”

ಅವನು ತಲೆಯಾಡಿಸಿದ. ಒಪ್ಪಿದ ತಲೆಯಲ್ಲ ಅದು. ಮೂವತ್ತು ವರ್ಷ ಆ ತಲೆಯ ಜೊತೆ ಸಂಸಾರ ಮಾಡಿದ ಹೆಂಡತಿಗೆ ಗೊತ್ತಿತ್ತು.

“ರೀ, ನಿಮ್ಮ ಲಿಫ್ಟಿಗೆ ಎಷ್ಟು ಹಗ್ಗ?”

“ನಾಲ್ಕು. ಸಾವಿರ ಸಲ ಹೇಳಿದ್ದೀನಿ.”

“ಮೂರು ಬಿಚ್ಚಿ ನೋಡ್ರಿ, ಭಾರ ಯಾವುದು ಹೊರ್ತಿದೆ ಅಂತ ಗೊತ್ತಾಗತ್ತೆ.”

“ತಲೆ ಕೆಟ್ಟಿದ್ಯಾ? ನಾಲ್ಕೂ ಸೇರಿ ಹೊರೋದು! ಒಳಗಡೆ ಜನ ಇರ್ತಾರೆ ಕಣೇ!”

“ನಿಮ್ಮೊಳಗೆ ಯಾರೂ ಇಲ್ವಾ? ನಾನಿಲ್ವಾ?” ಅವಳ ದನಿ ನಡುಗಿತು. “ನಿಮ್ಮ ಪರೀಕ್ಷೆ ಮುಗಿಯೋದ್ರೊಳಗೆ ನೀವೇ ಮುಗಿದ್ರೆ ನಾನೇನ್ ಮಾಡ್ಲಿ?”

ಅವಳು ಹೆದರಿದ್ದಾಳೆಂದು ಅವನಿಗೆ ಹೊಳೆದದ್ದು ಆಗಲೇ. ಫೋನ್ ಕುರ್ಚಿಯ ಚಿಂತೆಯಲ್ಲಿ ಅವನು ಅದನ್ನು ಕಂಡೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ನಾಳೆಯಿಂದ ಎರಡೂ ತಗೋತೀನಿ,” ಎಂದ. ಸುಮ್ಮನೆ ಸೋಲುವ ಆಸಾಮಿಯೇ? “ಆದ್ರೆ ಮುಂದಿನ ತಿಂಗಳು ನೀನು ಲಿಫ್ಟಲ್ಲಿ ಬರ್ಬೇಕು.”

ಅವಳು ಬಾಗಿಲನ್ನೊಮ್ಮೆ, ಮಾತ್ರೆಗಳನ್ನೊಮ್ಮೆ ನೋಡಿ, “ಆಯ್ತು,” ಎಂದಳು. ಅಷ್ಟು ಸಣ್ಣ ದನಿಯನ್ನು ಅವನು ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ.

ಮುಂದಿನ ತಿಂಗಳು, ಗಡುವಿಗೆ ಎರಡು ದಿನ ಇರುವಾಗ, ಇಬ್ಬರೂ ಲಿಫ್ಟ್ ಹತ್ತಿದರು. ಅವಳು ಕಣ್ಣು ಮುಚ್ಚಿ, ಅವನ ತೋಳಿಗೆ ಉಗುರು ನಾಟುವಂತೆ ಹಿಡಿದುಕೊಂಡೇ ಏಳನೇ ಮಹಡಿ ಮುಟ್ಟಿದಳು. ಡಾಕ್ಟರಮ್ಮ ಅವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು: ನೂರಾ ಇಪ್ಪತ್ತೆಂಟು! ಬೆವೆತು ನಿಂತಿದ್ದ ಅವಳನ್ನು ಕಂಡು ಅವಳಿಗೂ ಸುತ್ತಿದರು: ನೂರಾ ಐವತ್ತೆರಡು!

“ಅಯ್ಯೋ, ನಿಮಗೇನಾಯ್ತು?”

“ಲಿಫ್ಟಲ್ಲಿ ಬಂದ್ಲು, ಡಾಕ್ಟ್ರೇ!” ಎಂದ ಅವನು, ಚಿನ್ನದ ಪದಕ ಗೆದ್ದವನಂತೆ.

ಕಾಲು ಗಂಟೆ ಕೂರಿಸಿ ಮತ್ತೆ ನೋಡಿದಾಗ ಅವಳದೂ ಇಳಿದಿತ್ತು. ಬರೀ ಹೆದರಿಕೆ ಎಂದು ಹೇಳಿ ಡಾಕ್ಟರಮ್ಮ ಅವನಿಗೆ ಸರ್ಟಿಫಿಕೇಟ್ ಬರೆದರು. ಮಾತ್ರೆ ಮಾತ್ರ ನಿಲ್ಲಿಸಕೂಡದು ಎಂದು ಎರಡೆರಡು ಸಲ ಹೇಳಿದರು.

ಹೊರಗೆ ಬಂದಾಗ ಅವನಿಗೆ ಅವಳ ಮೇಲೆ ಮರುಕ ಹುಟ್ಟಿತು. “ಬಾರೇ, ಮೆಟ್ಟಿಲಲ್ಲೇ ಇಳಿಯೋಣ. ನಾನೂ ಬರ್ತೀನಿ.”

ಅವಳು ಆಗಲೇ ಲಿಫ್ಟಿನ ಗುಂಡಿ ಒತ್ತಿದ್ದಳು. “ಬೇಡ. ನೀವು ಎರಡನ್ನೂ ನಂಬಿದ್ರಿ. ನಾನು ನಾಲ್ಕನ್ನೂ ನಂಬ್ತೀನಿ. ಕೈ ಮಾತ್ರ ಕೊಡಿ.”

ಅವನು ಕೈ ಕೊಟ್ಟ. ಒಂದಲ್ಲ, ಎರಡನ್ನೂ, ಒಟ್ಟಿಗೆ.